ಉಸಿರೇ ಕಾಯಕವಾದಾಗ

ದುಡಿಯದೆ ಉಣ್ಣುವ ಬಾಳನ್ನು ಶರಣರು ಒಪ್ಪಲಿಲ್ಲ. ಹಾಗಾದರೆ ಉಸಿರಾಡುವುದರಲ್ಲಿಯೇ ದಿನದ ಶಕ್ತಿಯೆಲ್ಲವೂ ವ್ಯಯವಾಗುವ ರೋಗಿಯ ಗತಿಯೇನು? ಅವನು ಕಾಯಕಧರ್ಮಕ್ಕೆ ಹೊರಗಾದನೇ? ಇದು ತರ್ಕವಿನೋದಕ್ಕಾಗಿ ಹುಟ್ಟಿದ ಪ್ರಶ್ನೆಯಲ್ಲ.

ಎದೆಗೂ ಉದರಕ್ಕೂ ನಡುವೆ ಕಮಾನಿನಂತೆ ಹರಡಿರುವ ಸ್ನಾಯುವಿಗೆ ವಪೆಯೆಂದು ಹೆಸರು. ಕಮ್ಮಾರನ ತಿದಿಗೆ ಕೈ ಹೇಗೋ ಶ್ವಾಸಕೋಶಗಳಿಗೆ ವಪೆ ಹಾಗೆ. ಅದು ಕೆಳಗಿಳಿದಾಗ ಗಾಳಿ ಒಳಬರುತ್ತದೆ. ಸಡಿಲಿ ಮೇಲೇರಿದಾಗ ಹೊರಹೋಗುತ್ತದೆ. ಕುತ್ತಿಗೆಯಿಂದ ಇಳಿದುಬರುವ ಎರಡು ನರಗಳು ಅದರ ಎಡಬಲಗಳನ್ನು ನಡೆಸುತ್ತವೆ. ಪೆಟ್ಟಿನಿಂದಲೋ, ಗಡ್ಡೆಯಿಂದಲೋ, ನರರೋಗದಿಂದಲೋ ಆ ನರ ಕೆಟ್ಟರೆ ವಪೆಯು ನಿಶ್ಚೇಷ್ಟವಾಗುತ್ತದೆ. ಒಮ್ಮೊಮ್ಮೆ ಕಾರಣವೇ ತಿಳಿಯದು. ಒಂದು ಪಾರ್ಶ್ವ ಕೆಟ್ಟವನು ಸಮನೆಲದಲ್ಲಿ ಎಲ್ಲರಂತೆ ನಡೆದಾನು. ಚಿತ್ರದುರ್ಗದ ಕೋಟೆಯ ಮೆಟ್ಟಿಲುಗಳ ಮುಂದೆ ಅವನ ಕೊರತೆ ಬಯಲಾಗುತ್ತದೆ. ಎರಡೂ ಪಾರ್ಶ್ವ ಕೆಟ್ಟವನಿಗೆ ಅಂಗಾತ ಮಲಗುವುದೇ ದುಸ್ಸಾಧ್ಯ. ಇರುಳನ್ನು ಒರಗಿ ಕುಳಿತೋ, ಗಾಳಿಯೂಡುವ ಯಂತ್ರದ ನೆರವಿನಿಂದಲೋ ಕಳೆಯಬೇಕು. ಜೋಗಿಮಟ್ಟಿಯ ಸಾಲಿನಲ್ಲಿ ಬೃಹತ್ ಚಕ್ರಗಳನ್ನು ತಿರುಗಿಸುವಷ್ಟು ಗಾಳಿಯಿದ್ದರೂ ಇಂಥವನಿಗೆ ಒಂದೊಂದು ಉಸಿರೂ ದುಡಿದು ಪಡೆಯಬೇಕಾದ ವಸ್ತು. ಮೈಮೇಲೆ ಗಾಯವಿಲ್ಲ, ಜ್ವರವಿಲ್ಲ. ಆದುದರಿಂದ ನೋಡಿದವರು ಮೈಗಳ್ಳನೆನ್ನುತ್ತಾರೆ. ರೋಗಕ್ಕಿಂತ ಆ ಮಾತೇ ಹೆಚ್ಚು ನೋಯಿಸುತ್ತದೆ.

ಹೊಳಲ್ಕೆರೆ ತಾಲ್ಲೂಕಿನ ನುಲೇನೂರು ನುಲಿಯ ಚಂದಯ್ಯನವರ ಐಕ್ಯಸ್ಥಳವೆಂದು ಜನರ ನಂಬಿಕೆ. ತಾವು ಹೊಸೆದ ಹಗ್ಗಕ್ಕೆ ಸಲ್ಲತಕ್ಕುದಕ್ಕಿಂತ ಅಧಿಕ ಹಣ ಬಂದಾಗ ಅವರು ಒಲ್ಲೆನೆಂದರೆಂಬ ಕಥೆಯುಂಟು. ಕಾಯಕದ ಹಿರಿಮೆಯು ಅದು ತರುವ ಬೆಲೆಯಲ್ಲಿಲ್ಲವೆಂಬುದು ಇದರಿಂದ ಸ್ಪಷ್ಟ. ಬೆಲೆ ಹೆಚ್ಚಿದರೆ ಕಾಯಕ ಹಿರಿದಾಗದು ಎಂದ ಮೇಲೆ, ಬೆಲೆಯೇ ಬಾರದಿದ್ದರೆ ಕಿರಿದಾಗುವುದೆಂತು?

ಆದರೆ ಚಂದಯ್ಯನವರು ಹಗ್ಗವನ್ನಾದರೂ ಹೊಸೆದರು; ರೋಗಿ ಏನನ್ನು ಹೊಸೆದಾನೆಂದು ಕೇಳಬಹುದು. ಉಸಿರಾಟ ಪಶುಪಕ್ಷಿಗಳಿಗೂ ಉಂಟು. ಅಷ್ಟರಿಂದಲೇ ಅದು ಕಾಯಕವೆನಿಸದು, ನಿಜ. ಕಷ್ಟದಿಂದ ಗಳಿಸಿದ ಉಸಿರನ್ನು ಅನ್ಯರಿಗಾಗಿ ವೆಚ್ಚಮಾಡಿದಾಗ ಅದು ಕಾಯಕವಾಗುತ್ತದೆ. ಅವನಿಗೆ ಒಂದು ವಾಕ್ಯವೆಂದರೆ ಒಂದು ಉಸಿರಿನ ಖರ್ಚು. ಆ ಉಸಿರಿನಲ್ಲಿ ಮಗುವಿನ ಪಾಠವನ್ನು ತಿದ್ದಿದರೆ, ಮನೆಯವರಿಗೊಂದು ಸವಿನುಡಿಯಾಡಿದರೆ, ಅದು ಉಳ್ಳವನ ಸಾವಿರ ಮಾತಿಗಿಂತ ದೊಡ್ಡ ದಾಸೋಹ. ಅಮೆರಿಕೆಯ ಪಾಲ್ ಅಲೆಕ್ಸಾಂಡರ್ 1952ರಲ್ಲಿ, ಆರನೆಯ ವಯಸ್ಸಿನಲ್ಲಿ, ಪೋಲಿಯೋ ತಗುಲಿ ಕಬ್ಬಿಣದ ಶ್ವಾಸಯಂತ್ರದೊಳಗೆ ಮಲಗಬೇಕಾಯಿತು. ಆದರೂ ಅವರು ನ್ಯಾಯಶಾಸ್ತ್ರವನ್ನೋದಿ ವಕೀಲರಾದರು, 2024ರವರೆಗೆ ಬಾಳಿದರು.

ಅದೇ 1952ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿ, ಉಸಿರು ನಿಂತವರಿಗೆ ಯಂತ್ರಗಳು ಸಾಲದೆ ಹೋದವು. ವೈದ್ಯ ಬ್ಯೋರ್ನ್ ಇಬ್ಸೆನ್ ರೋಗಿಯ ಕೊರಳಿನ ಶ್ವಾಸನಾಳಕ್ಕೆ ಕೊಳವೆಯಿಟ್ಟು, ರಬ್ಬರು ಚೀಲವನ್ನು ಕೈಯಿಂದ ಒತ್ತಿ ಗಾಳಿಯೂಡುವ ಕ್ರಮವನ್ನು ತೋರಿಸಿದರು. ಸುಮಾರು 1500 ವಿದ್ಯಾರ್ಥಿಗಳು ಸರದಿಯಂತೆ ಹಗಲಿರುಳೂ ಚೀಲವನ್ನೊತ್ತಿದರು. ಆಗ ರೋಗಿಯ ಎದೆಯಲ್ಲಿ ಆಡಿದ ಉಸಿರು ಯಾರದು? ಕೊಟ್ಟವನದೂ ಅಲ್ಲ, ಪಡೆದವನದೂ ಅಲ್ಲ. ನನ್ನದೆಂಬ ಭಾವವನ್ನಳಿಸುವುದೇ ದಾಸೋಹ.

ಆದುದರಿಂದ ಇಂಥ ರೋಗಿಯನ್ನು ಎತ್ತಿ ಕೂರಿಸುವವರು, ಯಂತ್ರವನ್ನು ಅಣಿಗೊಳಿಸುವವರು ತಾವು ಉಪಕಾರಿಗಳೆಂದು ಭಾವಿಸತಕ್ಕುದಲ್ಲ. ನೆರವನ್ನು ಪಡೆಯುವವನೂ ನಾಚತಕ್ಕುದಲ್ಲ; ನಾಚಿ ಏದುಸಿರನ್ನು ಮರೆಮಾಚಿದರೆ ವೈದ್ಯರ ಬಳಿಗೆ ಹೋಗುವುದು ತಡವಾಗಿ ಪ್ರಾಣಕ್ಕೇ ಅಪಾಯ ಒದಗೀತು. ಅವನು ಮಾತಿನ ನಡುವೆ ಉಸಿರಿಗಾಗಿ ನಿಂತಾಗ ಕೇಳುವವರೂ ಸ್ವಲ್ಪ ಹೊತ್ತು ತಾಳ್ಮೆಯಿಂದಿರಲಿ. ಅಷ್ಟು ಕಾಯುವುದೂ ಕಾಯಕವೇ.