ಅಂಗಡಿಯೂ ಸ್ಮಾರಕವೆ?

ಗೋಳಗುಮ್ಮಟವನ್ನು ಏಕೆ ಕಾಯಬೇಕೆಂದು ನಮ್ಮ ಜೈನಾಪುರದ ಕಡೆ ಯಾರೂ ಕೇಳುವುದಿಲ್ಲ. ಹೂವು, ಕುಂಕುಮ, ಬಾಳೆಹಣ್ಣು ಮಾರುವ ಪೇಟೆಯ ಕಟ್ಟಡವನ್ನೂ ಕಾಯಬೇಕೆಂದರೆ ಮಾತ್ರ ಜನ ನಗುತ್ತಾರೆ. ಆ ನಗೆಯಲ್ಲಿರುವ ಪ್ರಶ್ನೆಯನ್ನು ತಳ್ಳಿಹಾಕಲಾಗದು.

ಲಾರ್ಡ್ ಕರ್ಜನ್ ವಿಜಯಪುರದ ಒಂದು ಮಸೀದಿಯಿಂದ ಪ್ರವಾಸಿ ಬಂಗಲೆಯನ್ನೂ ಮತ್ತೊಂದರಿಂದ ಅಂಚೆಕಚೇರಿಯನ್ನೂ ತೆರವು ಮಾಡಿಸಿದ. ಅವನ ಕಾಲದಲ್ಲಿಯೇ, 1904ರಲ್ಲಿ, ಸ್ಮಾರಕ ರಕ್ಷಣೆಯ ಕಾಯಿದೆ ಬಂದಿತು. ಅಲ್ಲಿ ಬಳಕೆಯನ್ನು ನಿಲ್ಲಿಸುವುದೇ ರಕ್ಷಣೆಯಾಯಿತು. ಮೈಸೂರಿನ ಸಯ್ಯಾಜಿರಾವ್ ರಸ್ತೆಯ ದೇವರಾಜ ಮಾರುಕಟ್ಟೆಗೆ ಈ ಮದ್ದು ಸಲ್ಲದು. ವ್ಯಾಪಾರ ನಿಂತರೆ ಮಾರುಕಟ್ಟೆ ಬರಿಯ ಗೋಡೆ.

ಆ ಗೋಡೆಯಾದರೂ ಗಟ್ಟಿಯಾಗಿರಬೇಕು. ಅದೇ ಊರಿನಲ್ಲಿ, 1892ರಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದ ಅಂಗಡಿಸಾಲಿನ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿದ್ದಿತು. ಕೆಡವಬೇಕೆ, ದುರಸ್ತಿ ಮಾಡಬೇಕೆ ಎಂಬ ವಾದ ಹೈಕೋರ್ಟಿನವರೆಗೆ ಹೋಯಿತು.

ವರ್ಷಗಟ್ಟಲೆ ಸೋರುವ ಮಾಡನ್ನು ಸೋರಲು ಬಿಟ್ಟು, ಕೊನೆಗೆ ‘ಶಿಥಿಲವಾಗಿದೆ, ಕೆಡವಿರಿ’ ಎನ್ನುವುದು, ಮುದುಕರನ್ನು ಉಪವಾಸವಿಟ್ಟು ಅವರ ವಯಸ್ಸನ್ನು ದೂರಿದಂತೆ. ಆದರೆ ಬೀದಿಯಲ್ಲಿ ನಿಂತು ‘ಕೆಡವಬೇಡಿ’ ಎನ್ನುವವರೂ ಒಂದು ಮಾತಿಗೆ ಉತ್ತರ ಹೇಳಬೇಕು. ದಸರೆಯ ಮೆರವಣಿಗೆ ಸಾಗುವ ದಾರಿಗೆ ಆ ಕಟ್ಟಡ ಕೊಡುವ ಚೆಲುವು ಊರೆಲ್ಲರದು; ಅದರ ಕೆಳಗೆ ಕೂರುವ ಅಪಾಯ ಮಾತ್ರ ಅಂಗಡಿಯವನದೆ?

ಪಾರಂಪರಿಕವೆಂದು ಹೆಸರಿಡುವುದು ಭಾಷೆ ಕೊಟ್ಟಂತೆ ಎಂದು ನನಗೆ ತೋರುತ್ತದೆ. ನೋಡಿ ಸಂತೋಷಪಡುವ ನಾವು ತೆರಿಗೆಯ ರೂಪದಲ್ಲಾದರೂ ದುರಸ್ತಿಯ ಖರ್ಚಿನಲ್ಲಿ ಪಾಲು ಹೊರಬೇಕು. ಅದಕ್ಕೆ ಒಪ್ಪದಿದ್ದರೆ, ನಮ್ಮ ನೆನಪನ್ನು ಪರರ ತಲೆಯ ಮೇಲೆ ಹೊರಿಸಿದಂತಾಯಿತು.