ಸಮದರ್ಶನವೂ ನಾಯಿಮರಿಯ ಅನ್ನವೂ

ಅನ್ನವನ್ನು ಕೊಡುವವನು ಪುಣ್ಯವಂತನೆಂಬ ಭಾವನೆಯು ನಮ್ಮ ಕರಾವಳಿಯ ಜನಜೀವನದಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಕೊಟ್ಟ ಅನ್ನವೇ ಉಂಡವನಿಗೆ ವ್ಯಾಧಿಯಾಗಿ ಪರಿಣಮಿಸಿದಾಗ ಆ ಪುಣ್ಯದ ಗತಿಯೇನು ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದೇ ಇಲ್ಲ. ಮನುಷ್ಯರ ಪಂಕ್ತಿಯಲ್ಲಿ ಈ ಪ್ರಶ್ನೆ ಏಳುವ ಸಂದರ್ಭವೂ ವಿರಳವೇ ಸರಿ. ಉಣ್ಣುವವನು ಸಾಕೆನಿಸಿದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿಯಬಲ್ಲನು, ಇದು ನನ್ನ ದೇಹಕ್ಕೆ ಒಗ್ಗದೆಂದು ಬಾಯಿಬಿಟ್ಟು ಹೇಳಬಲ್ಲನು. ಹಾಗೆ ಹೇಳಲಾರದ, ಒಗ್ಗದುದನ್ನು ಸಹ ಬಾಲವಾಡಿಸಿಕೊಂಡು ಆನಂದದಿಂದ ತಿಂದುಬಿಡುವ ಜೀವವೊಂದನ್ನು ಮನೆಯೊಳಗೆ ತಂದಿರಿಸಿಕೊಂಡಾಗಲೇ ಈ ಪ್ರಶ್ನೆ ತನ್ನ ಪೂರ್ಣ ಭಾರದೊಡನೆ ನಮ್ಮ ಎದುರಿಗೆ ನಿಲ್ಲುತ್ತದೆ.

ಮಂಗಳೂರಿನ ಕೊಟ್ಟಾರದಲ್ಲಿ, ಹೆದ್ದಾರಿಯ ಚೌಕಿಯಿಂದ ಒಳಕ್ಕೆ ಸರಿದ ಓಣಿಗಳಲ್ಲಿ, ಅಂತಹ ಜೀವವನ್ನು ಸಾಕಿಕೊಂಡ ಮನೆಗಳು ಅನೇಕ. ಮರಿ ಬಂದ ದಿನವೇ ಅಜ್ಜಿ ಅದಕ್ಕೆ ಬಟ್ಟಲು ಹಾಲು ಕಾಯಿಸಿ ಇಡುತ್ತಾರೆ. ಬೆಳಿಗ್ಗೆ ನೀರುದೋಸೆಯ ತುಂಡು, ಮಧ್ಯಾಹ್ನ ಕುಚ್ಚಲಕ್ಕಿಯ ಅನ್ನಕ್ಕೆ ಮಜ್ಜಿಗೆಯನ್ನೋ ಮೀನಿನ ಸಾರನ್ನೋ ಕಲಸಿದ ತುತ್ತು, ಸಂಜೆ ಚಹಾದ ಹೊತ್ತಿಗೆ ಮಕ್ಕಳ ಕೈಯಿಂದ ಬಿಸ್ಕತ್ತು, ಹಬ್ಬದ ದಿನವಾದರೆ ಪಾಯಸ. ಪ್ರೀತಿಗೆ ಯಾವ ಲೋಪವೂ ಇಲ್ಲ. ಆದರೆ ತಿಂಗಳು ಕಳೆಯುವುದರೊಳಗೆ ಮರಿಗೆ ಭೇದಿ ಹಿಡಿಯುತ್ತದೆ, ಔಷಧಿಯಿಂದ ನಾಲ್ಕು ದಿನ ನಿಂತಂತಾಗಿ ಐದನೆಯ ದಿನ ಮರುಕಳಿಸುತ್ತದೆ, ಪಕ್ಕೆಲುಬು ಕಾಣತೊಡಗುತ್ತದೆ, ಪಶುವೈದ್ಯರು ಕೊನೆಗೆ ಔಷಧಿಯ ಚೀಟಿಯನ್ನು ಬದಿಗಿಟ್ಟು, ಇದಕ್ಕೆ ಏನೇನು ಹಾಕುತ್ತೀರಿ ಎಂದು ಕೇಳುತ್ತಾರೆ. ಆ ಪ್ರಶ್ನೆ ವೈದ್ಯಶಾಸ್ತ್ರದ್ದಾಗಿರುವಷ್ಟೇ ಧರ್ಮಶಾಸ್ತ್ರದ್ದೂ ಆಗಿದೆಯೆಂಬುದು ನನ್ನ ದೃಢವಾದ ನಂಬುಗೆ.

ನಮ್ಮ ಪ್ರಾಚೀನರು ನಾಯಿಯನ್ನು ಮರೆತವರಲ್ಲ. ಕೊಟ್ಟಾರಕ್ಕೆ ದೂರವಲ್ಲದ ಕದ್ರಿಯ ಜೋಗಿಮಠದಲ್ಲಿ ಪೂಜೆಗೊಳ್ಳುವ ಕಾಲಭೈರವನಿಗೆ ಶ್ವಾನವೇ ವಾಹನ. ಮಹಾಭಾರತದ ಆದಿಪರ್ವದಲ್ಲಿ, ಕಥೆಯಿನ್ನೂ ಆರಂಭವಾಗುವ ಹೊತ್ತಿಗೆ, ಜನಮೇಜಯನು ತನ್ನ ತಮ್ಮಂದಿರೊಡನೆ ಕುರುಕ್ಷೇತ್ರದಲ್ಲಿ ದೀರ್ಘಸತ್ರವನ್ನು ನಡೆಸುತ್ತಿರುವಾಗ, ದೇವಲೋಕದ ನಾಯಿಯಾದ ಸರಮೆಯ ಮರಿಯೊಂದು ಯಜ್ಞವಾಟಿಕೆಗೆ ಬರುತ್ತದೆ. ಶ್ರುತಸೇನ, ಉಗ್ರಸೇನ, ಭೀಮಸೇನರೆಂಬ ಆ ತಮ್ಮಂದಿರು ಅದನ್ನು ಹೊಡೆದು ಅಟ್ಟುತ್ತಾರೆ. ಅಳುತ್ತ ಬಂದ ಮರಿಯನ್ನು ಸರಮೆ ಮೊದಲು ವಿಚಾರಿಸುವುದು ಒಂದೇ ಮಾತನ್ನು: ನೀನು ಏನಾದರೂ ಅಪರಾಧವನ್ನು ಮಾಡಿರಬೇಕಲ್ಲವೆ? ಹವಿಸ್ಸನ್ನು ನೆಕ್ಕುವುದಿರಲಿ, ಅದರತ್ತ ಕಣ್ಣೆತ್ತಿ ನೋಡಲೂ ಇಲ್ಲವೆಂದು ಮರಿ ಹೇಳಿದ ಮೇಲೆಯೇ ಆ ತಾಯಿ ಯಜ್ಞಶಾಲೆಗೆ ಬಂದು ರಾಜನನ್ನು ಪ್ರಶ್ನಿಸುತ್ತಾಳೆ. ಉತ್ತರ ದೊರೆಯದಾಗ, ಕಾಣದ ಭಯವೊಂದು ನಿನ್ನನ್ನು ಆವರಿಸಲಿ ಎಂದು ಶಪಿಸುತ್ತಾಳೆ. ಇನ್ನು ಗ್ರಂಥದ ಅಂತ್ಯಭಾಗದ ಮಹಾಪ್ರಸ್ಥಾನದಲ್ಲಿ, ತನ್ನೊಡನೆ ನಡೆದು ಬಂದ ನಾಯಿಯನ್ನು ಬಿಟ್ಟು ಸ್ವರ್ಗವನ್ನು ಒಲ್ಲೆನೆಂದ ಯುಧಿಷ್ಠಿರನನ್ನು ಎಲ್ಲರೂ ಬಲ್ಲರು. (ಕುಮಾರವ್ಯಾಸನು ಗದಾಪರ್ವಕ್ಕೆ ತನ್ನ ಕಾವ್ಯವನ್ನು ನಿಲ್ಲಿಸಿದುದರಿಂದ ಆತನ ಕನ್ನಡದಲ್ಲಿ ಈ ನಾಯಿಯನ್ನು ಕಾಣುವ ಭಾಗ್ಯ ನಮಗೆ ಒದಗಲಿಲ್ಲ, ಅದನ್ನು ನಾನು ದೊಡ್ಡ ನಷ್ಟವೆಂದೇ ಎಣಿಸುತ್ತೇನೆ.) ಛಾಂದೋಗ್ಯೋಪನಿಷತ್ತಿನ ಮೊದಲ ಅಧ್ಯಾಯದಲ್ಲಂತೂ, ಬಿಳಿಯ ನಾಯಿಯೊಂದರ ಸುತ್ತ ನೆರೆದ ನಾಯಿಗಳು ತಮಗೆ ಹಸಿವಾಗಿದೆಯೆಂದು ಹೇಳಿ, ಋತ್ವಿಜರಂತೆಯೇ ಒಂದರ ಹಿಂದೊಂದು ಸಾಗಿ, ಅನ್ನವನ್ನು ಬೇಡಿ ಉದ್ಗೀಥವನ್ನು ಹಾಡುತ್ತವೆ.

ಗೃಹಸ್ಥನಿಗೆ ವಿಹಿತವಾದ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ಅದರಲ್ಲಿ ನಾಯಿಗೂ ಕಾಗೆಗೂ ಒಂದೊಂದು ಪಾಲು ಅನ್ನವನ್ನು ನೆಲದ ಮೇಲೆ ಇಡತಕ್ಕದ್ದೆಂದು ಸ್ಮೃತಿಕಾರರು ವಿಧಿಸಿರುವರು. ಆದರೆ ಆ ಬಲಿಯನ್ನು ತಿನ್ನಲು ಬರುವ ನಾಯಿ ಸ್ವತಂತ್ರವಾದುದು. ಇಷ್ಟವಿದ್ದರೆ ತಿಂದೀತು, ಇಲ್ಲವಾದರೆ ಮೂಸಿನೋಡಿ ಮುಂದೆ ಹೋದೀತು. ಅದರ ಜೀವನ ಆ ಒಂದು ತುತ್ತಿನ ಮೇಲೆ ನಿಂತಿಲ್ಲ. ಗೇಟನ್ನು ಮುಚ್ಚಿ ನಾವು ಸಾಕುವ ಮರಿಯ ಸ್ಥಿತಿಯಾದರೋ ಬೇರೆ. ಅದು ತಿನ್ನುವುದೆಲ್ಲವೂ ನಾವು ಇಟ್ಟುದು. ನಾವು ಇಡದುದು ಅದಕ್ಕೆ ಈ ಲೋಕದಲ್ಲಿಯೇ ಇಲ್ಲ. 1926ರಲ್ಲಿ ಅಹಮದಾಬಾದಿನ ಗಿರಣಿಯ ಆವರಣವೊಂದರಲ್ಲಿ ಅರವತ್ತು ನಾಯಿಗಳನ್ನು ಕೊಲ್ಲಿಸಿದ ಸಂಗತಿ ದೊಡ್ಡ ವಿವಾದವಾದಾಗ, ಗಾಂಧೀಜಿಯವರು ‘ಯಂಗ್ ಇಂಡಿಯಾ’ದಲ್ಲಿ ಲೇಖನಮಾಲೆಯನ್ನೇ ಬರೆದು, ಬೀದಿನಾಯಿಗೆ ಒಂದು ತುಣುಕನ್ನು ಎಸೆದು ತೃಪ್ತಿಪಡುವುದು ದಯೆಯ ಆಭಾಸವೇ ಹೊರತು ದಯೆಯಲ್ಲವೆಂದು ವಾದಿಸಿದರು. ಆ ಲೇಖನಗಳ ಎಲ್ಲ ನಿಗಮನಗಳನ್ನೂ ನಾನು ಒಪ್ಪಲಾರೆ. ಆದರೆ ಎಸೆದು ತೃಪ್ತಿಪಡುವ ಮನಸ್ಸಿಗೂ ಸಾಕಿ ಹೊಣೆಹೊರುವ ಮನಸ್ಸಿಗೂ ನಡುವೆ ಅವರು ಕಂಡ ಅಂತರ ನಿಜವಾದುದು. ಮನೆಯೊಳಗೆ ಸಾಕಿದ ನಾಯಿಗೂ ಎಸೆದು ತೃಪ್ತಿಪಡುವವರು ನಮ್ಮಲ್ಲಿದ್ದಾರೆ. ಊಟದ ಮೇಜಿನ ಕೆಳಗೆ ಜಾರುವ ಪ್ರತಿಯೊಂದು ಚೂರಿನಲ್ಲಿಯೂ ಕೊಡುವವನ ಸಂತೋಷವೇ ಹೆಚ್ಚು.

ಇಲ್ಲಿಯೇ ಗೀತೆಯ ಐದನೆಯ ಅಧ್ಯಾಯದ ಸುಪ್ರಸಿದ್ಧ ಉಪದೇಶವು ನೆನಪಿಗೆ ಬರುತ್ತದೆ. ವಿದ್ಯಾವಿನಯಸಂಪನ್ನನಾದ ಬ್ರಾಹ್ಮಣ, ಗೋವು, ಆನೆ, ನಾಯಿ, ನಾಯಿಯನ್ನು ತಿನ್ನುವವನು, ಇವರೆಲ್ಲರಲ್ಲಿಯೂ ಪಂಡಿತರು ಸಮವಾದುದನ್ನೇ ಕಾಣುವರೆಂದು ಭಗವಂತನು ಹೇಳಿರುವನು. ಇದನ್ನು ಅಕ್ಕರೆಯಿಂದ ಓದಿದವನು, ಹಾಗಾದರೆ ನಾನು ಉಣ್ಣುವುದನ್ನೇ ನನ್ನ ನಾಯಿಗೂ ಇಡುವುದು ಸಮದರ್ಶನವಲ್ಲವೆ ಎಂದು ಕೇಳುವುದುಂಟು. ಮಗುವಿಗೆ ಒಂದು, ಮರಿಗೆ ಒಂದು ಎಂಬ ಭೇದವನ್ನು ಮಾಡಲಾರದ ಆ ಮನಸ್ಸಿನ ಬಗ್ಗೆ ನನಗೆ ಗೌರವವಿದೆ. ಆದರೂ ಆತನ ನಿರ್ಣಯ ಸರಿಯಲ್ಲ. ಆನೆಗೆ ಹಸುವಿನ ಬಾಣಿಯಲ್ಲಿ ಹುಲ್ಲಿಟ್ಟರೆ ಅದು ಹಸಿವಿನಿಂದ ಸಾಯುವುದು. ಸಮವಾದುದು ಒಳಗಿರುವ ಆತ್ಮ. ದೇಹಗಳು ವಿಷಮವಾಗಿಯೇ ಇವೆ, ಮತ್ತು ಆತ್ಮವನ್ನು ಸಮವಾಗಿ ಕಂಡವನಿಗೆ ದೇಹದ ವೈಷಮ್ಯವನ್ನು ಗಮನವಿಟ್ಟು ಅರಿಯುವ ಕರ್ತವ್ಯ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಅದೇ ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ, ತಾನು ವೈಶ್ವಾನರಾಗ್ನಿಯಾಗಿ ಪ್ರಾಣಿಗಳ ದೇಹವನ್ನು ಆಶ್ರಯಿಸಿ ನಾಲ್ಕು ಬಗೆಯ ಅನ್ನವನ್ನು ಪಚನಗೊಳಿಸುವೆನೆಂದು ಭಗವಂತನು ಹೇಳುವಾಗ, ಮನುಷ್ಯದೇಹವನ್ನು ಮಾತ್ರ ಅಲ್ಲಿ ಹೆಸರಿಸಿಲ್ಲ. ಪ್ರಾಣವಿರುವ ಎಲ್ಲವುಗಳ ಉದರದಲ್ಲಿಯೂ ಆ ಅಗ್ನಿಯಿದೆ. ನಾಯಿಮರಿಯ ಉದರದಲ್ಲಿಯೂ ಇದೆ. ಅದಕ್ಕೆ ತಕ್ಕ ಹವಿಸ್ಸು ಯಾವುದೆಂದು ತಿಳಿಯದೆ ಹೋಮಕ್ಕೆ ಕುಳಿತುಕೊಳ್ಳುವುದು ಹೇಗೆ?

ಆ ಅಗ್ನಿಯ ಸ್ವಭಾವವನ್ನು ಬಲ್ಲವರು ಹೇಳುವುದನ್ನು ಕೇಳೋಣ. ಮೊಲೆ ಬಿಟ್ಟ ಮೇಲೆ ನಾಯಿಯ ಕರುಳಿನಲ್ಲಿ ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವವು ಕುಗ್ಗುತ್ತ ಹೋಗುತ್ತದೆ; ಒಡೆಯದೆ ಉಳಿದ ಸಕ್ಕರೆ ನೀರನ್ನು ಸೆಳೆದುಕೊಂಡು ಭೇದಿಯಾಗುತ್ತದೆ. ಅಜ್ಜಿಯ ಬಟ್ಟಲು ಹಾಲು ಹೀಗೆ ಕೆಲಸ ಕೆಡಿಸುತ್ತದೆ. ಈರುಳ್ಳಿ ಬೆಳ್ಳುಳ್ಳಿಗಳು ಅದರ ರಕ್ತಕಣಗಳನ್ನೇ ನಾಶಮಾಡುತ್ತವೆ. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷವಾಗಬಲ್ಲುದು. ಒಮ್ಮೆಗೇ ಕೊಟ್ಟ ಎಣ್ಣೆಜಿಡ್ಡಿನ ಆಹಾರ ಮೇದೋಜೀರಕಗ್ರಂಥಿಯನ್ನು ಕೆರಳಿಸೀತು. ಹಾಗೆಂದು ನಾಯಿಯು ತೋಳದಂತೆ ಕೇವಲ ಮಾಂಸದಿಂದ ಬದುಕತಕ್ಕ ಪ್ರಾಣಿಯೂ ಅಲ್ಲ. ಸ್ವೀಡನ್ನಿನ ಉಪ್ಸಾಲದ ವಿದ್ವಾಂಸರು 2013ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಪಿಷ್ಟವನ್ನು ಜೀರ್ಣಿಸುವ ವಂಶವಾಹಿಯ ಪ್ರತಿಗಳು ತೋಳದಲ್ಲಿ ಸಾಮಾನ್ಯವಾಗಿ 2 ಮಾತ್ರ ಇದ್ದರೆ ನಾಯಿಯಲ್ಲಿ 4ರಿಂದ 30ರವರೆಗೆ ಇವೆ. ಸಾವಿರಾರು ವರ್ಷಗಳ ಕಾಲ ಮನುಷ್ಯನ ಒಲೆಯ ಬಳಿ ಕಾದು ಕುಳಿತ ಪ್ರಾಣಿಯ ದೇಹವೇ ನಮ್ಮ ಧಾನ್ಯಕ್ಕೆ ಒಗ್ಗಿಕೊಂಡಿತೆಂಬುದನ್ನು ಓದಿದಾಗ ನನಗೆ ರೋಮಾಂಚವಾಯಿತು. ನಮ್ಮೊಡನೆ ಇರುವುದಕ್ಕಾಗಿ ಅದರ ಕುಲವೇ ಇಷ್ಟು ದೂರ ನಡೆದು ಬಂದಿರುವಾಗ, ಉಳಿದ ದೂರವನ್ನು ನಾವು ನಡೆಯಬಾರದೆ?

ಇನ್ನು ಆಹಾರವೊಂದೇ ಕಾರಣವೆಂದು ಭಾವಿಸುವುದೂ ತಪ್ಪು. ಮರಿಗಳ ಹೊಟ್ಟೆಯಲ್ಲಿ ಜಂತುಹುಳಗಳು ಸಾಮಾನ್ಯ. ಮಳೆಗಾಲದಲ್ಲಿ ಚೌಕಿಯ ಸುತ್ತ ನೀರು ನಿಲ್ಲುವ ದಿನಗಳಲ್ಲಿ, ಆ ಕೊಳಚೆಯನ್ನು ನೆಕ್ಕಿದ ಮರಿಗೆ ಜಿಯಾರ್ಡಿಯದಂತಹ ಸೂಕ್ಷ್ಮಜೀವಿಗಳು ತಗಲುವುದೂ ಉಂಟು. ಮಲಪರೀಕ್ಷೆಯಿಲ್ಲದೆ ಪಥ್ಯವನ್ನು ಮಾತ್ರ ನೆಚ್ಚುವುದು ಅವಿವೇಕ. ಮಲದಲ್ಲಿ ರಕ್ತ ಕಂಡರೆ, ಮರಿ ವಾಂತಿಮಾಡಿಕೊಂಡು ನೀರನ್ನೂ ಒಲ್ಲೆನೆಂದರೆ, ಒಂದು ರಾತ್ರಿಯೂ ಕಾಯಬಾರದು. ಇವೆಲ್ಲವನ್ನೂ ಕಳೆದ ಮೇಲೆಯೂ ಮೂರು ವಾರಗಳನ್ನು ಮೀರಿ ಉಳಿಯುವ ಎಳೆಯ ನಾಯಿಗಳ ಭೇದಿಯಲ್ಲಿ ಹೆಚ್ಚಿನದು ಆಹಾರದ ಬದಲಾವಣೆಗೆ ಮಣಿಯುತ್ತದೆಂಬುದು ಪಶುವೈದ್ಯರ ಅನುಭವ.

ಮಾಂಸದ ಪ್ರಶ್ನೆಯನ್ನು ನಾನು ತಪ್ಪಿಸಿಕೊಳ್ಳಲಾರೆ. ಬೇಯಿಸಿದ ಕೋಳಿಯ ಮಾಂಸವನ್ನು ಮೆತ್ತಗಿನ ಅನ್ನದೊಡನೆ ಕೊಡಿರೆಂಬ ಸಲಹೆ ಬಂದಾಗ ಮೀನೂಟದ ಮನೆಯವರಿಗೆ ಯಾವ ಸಂಕಟವೂ ಇಲ್ಲ. ಮೊಟ್ಟೆಯನ್ನು ಸಹ ಒಳಗೆ ತಾರದ ಮನೆಯವರ ಸಂಕಟ ನಿಜವಾದುದು. ಒಂದು ಜೀವದ ಹೊಟ್ಟೆಯನ್ನು ಸರಿಪಡಿಸುವುದಕ್ಕಾಗಿ ಇನ್ನೊಂದು ಜೀವದ ಕತ್ತು ಕೊಯ್ಯಿಸುವುದು ಹಿಂಸೆಯಲ್ಲವೆಂದು ಯಾರೂ ಅವರನ್ನು ಸಮಾಧಾನಪಡಿಸಬಾರದು. ಅದು ಹಿಂಸೆಯೇ ಸರಿ. ಜೈನರ ಶ್ರಾವಕಾಚಾರದ ಗ್ರಂಥಕಾರರು ಹಿಂಸ್ರಪ್ರಾಣಿಗಳನ್ನು ಸಾಕುವುದನ್ನೇ ದೋಷವೆಂದು ಎಣಿಸಿದುದು ಈ ಇಕ್ಕಟ್ಟನ್ನು ಮುಂದಾಗಿಯೇ ಕಂಡುಕೊಂಡುದರಿಂದ. ಅವರ ದಾರಿಯಲ್ಲಿ ಒಂದು ಪ್ರಾಮಾಣಿಕತೆಯಿದೆ: ಸಾಕುವುದಕ್ಕೆ ಮೊದಲೇ ಯೋಚಿಸು ಎಂದು ಅದು ಹೇಳುತ್ತದೆ. ಆದರೆ ಮರಿ ಮನೆಗೆ ಬಂದಾಗಿದೆ, ರೋಗವೂ ಬಂದಾಗಿದೆ ಎಂಬಲ್ಲಿ, ನನ್ನ ವ್ರತದ ಭಾರವನ್ನು ಅದರ ಕರುಳಿನ ಮೇಲೆ ಹೊರಿಸುವ ಅಧಿಕಾರ ನನಗಿಲ್ಲವೆಂಬುದೇ ನನ್ನ ಅಭಿಪ್ರಾಯ. ನಾಯಿಯು ಮಿಶ್ರಾಹಾರಿಯಾದುದರಿಂದ, ಬಲ್ಲ ವೈದ್ಯರ ಮಾರ್ಗದರ್ಶನದಲ್ಲಿ ಮಾಂಸವಿಲ್ಲದ ಸಮತೋಲ ಆಹಾರವನ್ನು ಹೊಂದಿಸುವುದು ಅಸಾಧ್ಯವಲ್ಲ. ಆದರೆ ಬೆಳೆಯುವ ವಯಸ್ಸು, ಕೆಟ್ಟ ಹೊಟ್ಟೆ, ಎರಡೂ ಕೂಡಿದ ಕಾಲ ಅಂತಹ ಪ್ರಯೋಗಕ್ಕೆ ಯೋಗ್ಯವಲ್ಲ. ಆಗ ಹಿತ್ತಲಿನಲ್ಲಿ ಬೇರೆಯೊಂದು ಒಲೆ, ಬೇರೆಯೊಂದು ಪಾತ್ರೆ ಇಡುವುದರಿಂದ ಮನೆಯ ಮಡಿಗೂ ಭಂಗವಿಲ್ಲ, ಮರಿಗೂ ಅನ್ಯಾಯವಿಲ್ಲ.

ಕೋಳಿಯೇ ಒಗ್ಗದ ನಾಯಿಗಳೂ ಇವೆ. ಯಾವುದು ಒಗ್ಗದೆಂದು ಕಂಡುಹಿಡಿಯಲು ಒಂದೇ ಮಾರ್ಗ: ಮರಿ ಈವರೆಗೆ ತಿನ್ನದ ಒಂದೇ ಬಗೆಯ ಮಾಂಸ ಅಥವಾ ಮೀನು, ಒಂದೇ ಬಗೆಯ ಧಾನ್ಯ, ನೀರು, ಬೇರೆ ಏನೂ ಕೂಡದು. ಬದಲಾಯಿಸುವಾಗಲೂ ಹಳೆಯದರೊಡನೆ ಹೊಸದನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿ ವಾರದ ಅವಧಿಯಲ್ಲಿ ಮಾಡತಕ್ಕದ್ದು. ದಿನದ ಪಾಲನ್ನು ಮೂರು ನಾಲ್ಕು ಬಾರಿಗೆ ಹಂಚತಕ್ಕದ್ದು. ಇದನ್ನು ಕೇಳಿದೊಡನೆ ನನಗೆ ಚಾತುರ್ಮಾಸ್ಯದ ನೆನಪಾಗುತ್ತದೆ. ಮಾಧ್ವಸಂಪ್ರದಾಯದ ಮನೆಗಳಲ್ಲಿ ಮೊದಲ ತಿಂಗಳು ಶಾಕವ್ರತವೆಂದು ತರಕಾರಿಯನ್ನೂ, ಎರಡನೆಯ ತಿಂಗಳು ಮೊಸರನ್ನೂ, ಮೂರನೆಯ ತಿಂಗಳು ಹಾಲನ್ನೂ, ನಾಲ್ಕನೆಯ ತಿಂಗಳು ದ್ವಿದಳಧಾನ್ಯವನ್ನೂ ಬಿಡುವುದುಂಟು. ಒಂದೊಂದನ್ನೇ ಬಿಟ್ಟು, ಒಂದೊಂದನ್ನೇ ಮತ್ತೆ ಸ್ವೀಕರಿಸುವ ಈ ಕ್ರಮವನ್ನು ಬಲ್ಲ ಮನೆಯವರಿಗೆ ಪಶುವೈದ್ಯರ ಕಟ್ಟುಪಾಡು ಹೊಸದೆನಿಸಬೇಕಾಗಿಲ್ಲ.

ಆದರೆ ವ್ರತಕ್ಕೆ ಸಂಕಲ್ಪವೇ ಪ್ರಾಣ. ನಾಯಿಮರಿಗೆ ಸಂಕಲ್ಪವಿಲ್ಲ, ಬಿಸ್ಕತ್ತಿನ ಡಬ್ಬದ ಸದ್ದಾದೊಡನೆ ಅದು ಓಡಿಬರುವುದು. ಹಾಗಾದರೆ ಇದು ಯಾರ ವ್ರತ? ತಿನ್ನದಿರುವುದು ನಾಯಿಯಾದರೂ ವ್ರತವನ್ನು ಆಚರಿಸುವವರು ಮನೆಯವರೆಲ್ಲರೂ. ಕೊಡುವ ಸುಖವನ್ನು ತ್ಯಜಿಸಬೇಕಾದವಳು ಅಜ್ಜಿ; ಪಕ್ಕದ ಮನೆಯವರಿಗೆ ಬೇಲಿಯಾಚೆಯಿಂದ ಏನನ್ನೂ ಹಾಕಬೇಡಿರೆಂದು ಕೈಮುಗಿಯಬೇಕಾದವನು ಯಜಮಾನ; ದೇವಸ್ಥಾನದಿಂದ ತಂದ ಪ್ರಸಾದವನ್ನು ಎಲ್ಲರಿಗೂ ಹಂಚಿ, ಬಾಗಿಲ ಬಳಿ ಕಾದು ಕುಳಿತ ಆ ಒಂದು ಜೀವಕ್ಕೆ ಕೊಡದೆ ಕೈ ತೊಳೆದುಕೊಳ್ಳಬೇಕಾದವಳು ಗೃಹಿಣಿ. ಪ್ರಸಾದವನ್ನು ನಿರಾಕರಿಸುವುದು ದೋಷವಲ್ಲವೆ ಎಂದು ಅಳುಕುವವರಿಗೆ ನಾನು ಹೇಳುವುದಿಷ್ಟು: ತೀರ್ಥದ ಒಂದು ಹನಿಯನ್ನು ಅದರ ನೆತ್ತಿಗೆ ಸೋಕಿಸಿರಿ, ಹೂವಿನ ಒಂದು ಎಸಳನ್ನು ಕೊರಳಪಟ್ಟಿಗೆ ಸಿಕ್ಕಿಸಿರಿ, ಅನುಗ್ರಹವು ಉದರದ ಮೂಲಕವೇ ಹೋಗಬೇಕೆಂದು ಯಾವ ದೇವರೂ ಹಟಹಿಡಿಯಲಾರನು.

ಕರುಳಿನ ಬೇನೆಯಾದರೆ ಎರಡು ಮೂರು ವಾರಗಳಲ್ಲಿಯೇ ಗುಣ ಕಾಣುವುದು ಸಾಮಾನ್ಯ. ಕಾಣಿಸಿದೊಡನೆ ಮೈಮರೆಯಬಾರದು. ಅನ್ನವೂ ಮಾಂಸವೂ ಮಾತ್ರವಾದ ಪಥ್ಯ ಕೆಲವು ದಿನಗಳಿಗೆ ಸರಿ. ಮೂಳೆ ಬೆಳೆಯುವ ಮರಿಗೆ ಅದರಲ್ಲಿ ಸುಣ್ಣದ ಅಂಶ ಸಾಲದು, ಆದುದರಿಂದ ಮುಂದಿನ ತಿಂಗಳುಗಳ ಆಹಾರವನ್ನು ವೈದ್ಯರಿಂದಲೇ ತೂಕಮಾಡಿಸಿ ಬರೆಸಿಕೊಳ್ಳತಕ್ಕದ್ದು. ಆಮೇಲೆ ಒಂದೊಂದೇ ಪದಾರ್ಥ ಹಿಂದಿರುಗಬಹುದು: ಈ ವಾರ ಬೇಯಿಸಿದ ಸಿಹಿಗುಂಬಳದ ಒಂದು ಚಮಚ, ಮುಂದಿನ ವಾರ ಮೊಟ್ಟೆ, ಅದರ ಮುಂದಿನ ವಾರ ಉಪ್ಪು ಖಾರಗಳಿಲ್ಲದೆ ಬೇಯಿಸಿ ಮುಳ್ಳು ತೆಗೆದ ಬಂಗುಡೆ, ಪ್ರತಿಯೊಂದಕ್ಕೂ ಕೆಲವು ದಿನಗಳ ಕಾಲಾವಕಾಶ, ಪ್ರತಿ ಬೆಳಿಗ್ಗೆ ಅಂಗಳದಲ್ಲಿ ಅದರ ಮಲವನ್ನು ಬಾಗಿ ನೋಡಿ ಮಾಡಿಕೊಳ್ಳುವ ನಿರ್ಣಯ. ಉಂಡ ಅನ್ನದ ಸ್ಥೂಲಭಾಗ ಮಲವಾಗುವುದು, ಮಧ್ಯಮಭಾಗ ಮಾಂಸವಾಗುವುದು, ಸೂಕ್ಷ್ಮಭಾಗ ಮನಸ್ಸಾಗುವುದೆಂದು ಉದ್ದಾಲಕನು ಶ್ವೇತಕೇತುವಿಗೆ ಬೋಧಿಸಿದನಲ್ಲವೆ. ಆ ಮೂರರಲ್ಲಿ ನಮ್ಮ ಕಣ್ಣಿಗೆ ನೇರವಾಗಿ ಸಿಕ್ಕುವುದು ಮೊದಲನೆಯದೊಂದೇ, ಆದುದರಿಂದ ಅದನ್ನು ನೋಡುವುದರಲ್ಲಿ ಹೇಸಿಗೆಪಡುವವನು ಈ ಕೆಲಸಕ್ಕೆ ಕೈಹಾಕಬಾರದು. ಕೆಲವು ಪದಾರ್ಥಗಳು ಹಿಂದಿರುಗಲಾರವು. ಹಾಲಿನ ಬಟ್ಟಲು ಅವುಗಳಲ್ಲಿ ಒಂದಾಗಬಹುದು, ಮತ್ತು ಅದನ್ನು ಅಜ್ಜಿಗೆ ಮನೆಯವರು ಮೆಲ್ಲನೆ, ಕುಳಿತು, ಅವರ ಅಕ್ಕರೆಗೆ ನೋವಾಗದಂತೆ ತಿಳಿಸಿ ಹೇಳಬೇಕಾಗುವುದು.