ಕಥೆ ಹೇಳುವವರು ಎಷ್ಟು ಜನ?

ಊರು ಬಿಟ್ಟು ಬಂದವರು ಕಥೆ ಬರೆಯಲು ಕೂತರೆ ಮೊದಲು ಬರುವ ಮಾತು 'ನಾನು'. ನಾನು ಮುಂಬಯಿಗೆ ಬಂದೆ, ನಾನು ಆರು ಜನರ ಜೊತೆ ಒಂದು ಕೋಣೆಯಲ್ಲಿ ಮಲಗಿದೆ, ನಾನು ಮೇಲೆ ಬಂದೆ. ಇದರಲ್ಲಿ ಸುಳ್ಳೇನೂ ಇಲ್ಲ ಬಿಡಿ. ಆದರೆ ಊರು ಬಿಡುವುದು ಒಬ್ಬನಿಂದ ಆಗುವ ಕೆಲಸವಲ್ಲ. ಹೊರಡಲು ಒಬ್ಬ ಬೇಕಾದರೆ ಅಲ್ಲೇ ಇರಲು ಇನ್ನೊಬ್ಬ ಬೇಕು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಪ್ರತಿ ಖರ್ಚಿಗೂ ಒಂದು ಜಮೆ ಹುಡುಕಿದವನಿಗೆ ಇದು ಕಣ್ಣಿಗೆ ಬೀಳದೆ ಹೇಗೆ ಇದ್ದೀತು?

ನಿವೃತ್ತಿಯಾದ ಮೇಲೆ ನಮ್ಮ ಮನೆಯ ಕಥೆಯನ್ನು ಕಾದಂಬರಿಯ ಹಾಗೆ ಬರೆಯಬೇಕು ಅಂತ ಹೊರಟೆ. ಕುಮಟೆ ಕಡೆಯ ಹಳ್ಳಿ, ತಂದೆಯ ಅಷ್ಟಿಷ್ಟು ಅಡಿಕೆ ತೋಟ, ತೋಟದಲ್ಲೇ ಉಳಿದ ಅಣ್ಣ, 1982ರಲ್ಲಿ ಮುಂಬಯಿಯಲ್ಲಿ ಬ್ಯಾಂಕು ಸೇರಿದ ನಾನು, ಮದುವೆಯಾಗಿ ಡೊಂಬಿವಲಿಯ ಒಂದೇ ಕೋಣೆಯ ಮನೆಗೆ ಬಂದ ಹೆಂಡತಿ. ಇದನ್ನು ಒಬ್ಬ ಹೇಳಬೇಕೋ, ಮೂವರೂ ಹೇಳಬೇಕೋ? ರೈಲ್ವೆಯಲ್ಲಿದ್ದ ಗೆಳೆಯರೊಬ್ಬರು, "ಒಂದು ಗಾಡಿಗೆ ಒಬ್ಬನೇ ಡ್ರೈವರ್ ಕಣ್ರೀ" ಅಂದರು. ಗಾಡಿಯ ಕೊನೆಯಲ್ಲಿ ಗಾರ್ಡ್ ಅಂತ ಒಬ್ಬ ಇರುತ್ತಾನೆ ಎಂದು ನಾನು ಅವರಿಗೆ ನೆನಪಿಸಲು ಹೋಗಲಿಲ್ಲ.

ಓದಿದ ಪುಸ್ತಕಗಳನ್ನು ಮತ್ತೆ ತೆಗೆದೆ. 1979ರಲ್ಲಿ ಕನ್ನಡಕ್ಕೆ ಎರಡು ದೊಡ್ಡ ಕಾದಂಬರಿಗಳು ಬಂದವು. ಯಶವಂತ ಚಿತ್ತಾಲರ 'ಶಿಕಾರಿ', ಭೈರಪ್ಪನವರ 'ಪರ್ವ'. ಮುಂಬಯಿಯವರಾದ ನಮಗೆ 'ಶಿಕಾರಿ' ಮನೆಯ ಪುಸ್ತಕ. ನೌಕರಿಯಿಂದ ಅಮಾನತುಗೊಂಡ ನಾಗಪ್ಪ ತನ್ನನ್ನು ಯಾರೋ ಬೇಟೆಯಾಡುತ್ತಿದ್ದಾರೆ ಎಂದು ತಳಮಳಿಸುತ್ತಾನೆ. ನಾವು ಅವನ ತಲೆಯೊಳಗೇ ಸಿಕ್ಕಿಬಿದ್ದಿರುತ್ತೇವೆ. ನಡುವೆ ಫಿರೋಜನಿಗೂ ಒಂದು ಅಧ್ಯಾಯ ಕೊಟ್ಟಿದ್ದರೆ? ಆ ಕ್ಷಣವೇ ಭಯ ಇಳಿದುಹೋಗುತ್ತಿತ್ತು. ಯಾರು ನಿಜ ಹೇಳುತ್ತಾರೆ ಎಂದು ಗೊತ್ತಾಗದಿರುವುದೇ ಆ ಕಾದಂಬರಿಯ ಜೀವ, ಈ ಶಹರದ ಜೀವನ ಕೂಡ. 'ಪರ್ವ' ಬೇರೆ ದಾರಿ ಹಿಡಿಯುತ್ತದೆ. ಕುಂತಿ, ದ್ರೌಪದಿ, ಭೀಮ, ಕರ್ಣ, ಒಬ್ಬೊಬ್ಬರ ನೆನಪಿನ ಮೂಲಕ ಹಾಯುತ್ತದೆ. ಅಲ್ಲಿ ಒಬ್ಬನೇ ಸಾಕಾಗುತ್ತಿರಲಿಲ್ಲ. ಯುದ್ಧಕ್ಕೆ ಒಬ್ಬನದೇ ಕಾರಣ ಇದ್ದಿದ್ದರೆ ಅದು ನಡೆಯುತ್ತಲೇ ಇರಲಿಲ್ಲವೇನೋ.

ಇನ್ನು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967). ಅದರಲ್ಲಿ ನಾಯಕ ಯಾರು ಅಂತ ಹುಡುಕಿದರೆ ಸಿಗುವುದೇ ಇಲ್ಲ. ಗುತ್ತಿಯ ನಾಯಿ ಹುಲಿಯನಿಗೂ ಅದರದೇ ಪಾಡಿದೆ. ಆದರೆ ಹೇಳುವ ದನಿ ಮಾತ್ರ ಒಂದೇ. ಇದನ್ನು ನೋಡಿದಾಗ ನನ್ನ ಗೊಂದಲ ಅರ್ಧ ಕಳೆಯಿತು. ಕಥೆಯಲ್ಲಿ ಎಷ್ಟು ಮಂದಿ ಮುಖ್ಯರು ಎಂಬುದು ಒಂದು ಲೆಕ್ಕ, ಎಷ್ಟು ಮಂದಿ ಬಾಯಿಬಿಡುತ್ತಾರೆ ಎಂಬುದು ಬೇರೆಯೇ ಲೆಕ್ಕ. ವಿವೇಕ ಶಾನಭಾಗರ 'ಘಾಚರ್ ಘೋಚರ್'ನಲ್ಲಿ ಮಾತಾಡುವವನು ಒಬ್ಬನೇ, ಅವನಿಗೆ ಹೆಸರೂ ಇಲ್ಲ. ಆದರೂ ಅವನು ಹೇಳದೆ ಬಿಟ್ಟದ್ದು ನಮಗೆ ಕೇಳಿಸುತ್ತದೆ.

ಹಾಗಾದರೆ ಎರಡನೆಯವನಿಗೆ ಯಾವಾಗ ಮಾತು ಕೊಡಬೇಕು? ನನಗೆ ಹೊಳೆದದ್ದು ಇಷ್ಟು. ಮೊದಲನೆಯವನಿಗೆ ಗೊತ್ತಿಲ್ಲದ, ಗೊತ್ತಾದರೆ ಓದುಗನ ತೀರ್ಪೇ ಬದಲಾಗುವ ಸಂಗತಿ ಅವನ ಹತ್ತಿರ ಇರಬೇಕು. ಅದೇ ಮದುವೆ, ಅದೇ ಸಾವನ್ನು ಮೂವರು ಮೂರು ಸಲ ಹೇಳಿದರೆ ಅದು ಕಾರ್ಬನ್ ಕಾಪಿ, ಅಷ್ಟೆ. ಈಚಿನ ಕೆಲವು ಕಾದಂಬರಿಗಳಲ್ಲಿ ಅಧ್ಯಾಯಕ್ಕೊಬ್ಬ ನಿರೂಪಕ ಬರುತ್ತಾನೆ. ಎಲ್ಲರ ಬಾಯಲ್ಲೂ ಲೇಖಕರದೇ ಭಾಷೆ. ನನಗಂತೂ ಸುಸ್ತಾಗುತ್ತದೆ.

ಬರೆದಷ್ಟನ್ನು ಹೆಂಡತಿಗೆ ಓದಿ ಹೇಳುತ್ತಿದ್ದೆ. 1988ರ ಜೂನ್ ಬಂತು. ಮಗುವಿಗೆ ಜ್ವರ, ಆಸ್ಪತ್ರೆ, ಕೈಯಲ್ಲಿ ಕಾಸಿಲ್ಲ. ಆದರೂ ಊರಿಗೆ ಮನಿಯಾರ್ಡರ್ ತಪ್ಪಲಿಲ್ಲ, ಅವಳ ಉಳಿತಾಯದ ಡಬ್ಬಿ ಕಾಪಾಡಿತು ಅಂತ ಬರೆದಿದ್ದೆ. ಅವಳು ಅವರೆಕಾಯಿ ಸುಲಿಯುತ್ತಲೇ, "ಡಬ್ಬಿಯಲ್ಲಿ ಎಲ್ಲಿತ್ತು? ಬಳೆ ಅಡವಿಟ್ಟಿದ್ದೆ" ಅಂದಳು. "ನಿಮ್ಮ ಅಣ್ಣನ ಮನೆಯವರು ಒಂದು ಕಾಗದವನ್ನೂ ಹಾಕಲಿಲ್ಲ ಆಗ. ಸಿಟ್ಟು ಬಂದಿತ್ತು."

ಆ ಬಳೆಯನ್ನು ನನ್ನ ಬಾಯಿಂದ ಹೇಳಿದರೆ ಏನಾಗುತ್ತದೆ ನೋಡಿ. ಅದು ನನ್ನ ಕೃತಜ್ಞತೆಯ ಕಥೆಯಾಗುತ್ತದೆ. ತ್ಯಾಗಮಯಿ ಪತ್ನಿ ಅಂತ ಒಂದು ಹಾರ ಹಾಕಿ ಮುಂದೆ ಹೋಗುತ್ತೇನೆ. ಅವಳು ಹೇಳಿದರೆ ಬಳೆಯ ಜೊತೆ ಸಿಟ್ಟೂ ಬರುತ್ತದೆ, ಮಾರ್ವಾಡಿ ಅಂಗಡಿಯ ಬಾಗಿಲಲ್ಲಿ ನಿಂತ ಮುಜುಗರ ಬರುತ್ತದೆ, ಆ ಹೊತ್ತಿಗೆ ಅವಳು ಕಲಿತಿದ್ದ ಅರೆಬರೆ ಮರಾಠಿ ಬರುತ್ತದೆ. ಹಾಗಾಗಿ ಆ ಅಧ್ಯಾಯ ಅವಳದು. ಅವಳು ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ, ಮತ್ತೆ ಓದಿ ತೋರಿಸುತ್ತೇನೆ. ಎರಡು ಕಡೆ ನನ್ನ ಚಂದದ ಮಾತುಗಳನ್ನು ಹೊಡೆದುಹಾಕಿಸಿದ್ದಾಳೆ.

ಅಣ್ಣನ ವಿಷಯ ಕಷ್ಟದ್ದು. ತಂದೆಯ ಕೊನೆಯ ನಾಲ್ಕು ವರ್ಷ ಹಾಸಿಗೆಯ ಬಳಿ ಇದ್ದವನು ಅವನು. ನಾನು ಇದ್ದದ್ದು ವರ್ಷಕ್ಕೆ ಹದಿನೈದು ದಿನ. ನನ್ನ ಪರೀಕ್ಷೆಯ ಪ್ರಕಾರ ಮಾತಾಡುವ ಹಕ್ಕು ಮೊದಲು ಅವನದೇ. 'ನಾನು ಊರಲ್ಲೇ ಉಳಿದೆ' ಎಂದು ಅವನ ದನಿಯಲ್ಲಿ ಬರೆಯುವುದು ನನಗೆ ಅಸಾಧ್ಯವೇನಲ್ಲ, ಅವನ ಮಾತಿನ ರೀತಿ ಗೊತ್ತಿದೆ. ಆದರೆ ಬದುಕಿರುವ ಮನುಷ್ಯನ ಬದಲು 'ನಾನು' ಅಂತ ಬರೆಯುವುದು ಅವನ ಸಹಿ ಹಾಕಿದ ಹಾಗೆ. ಬ್ಯಾಂಕಿನಲ್ಲಿ ಒಬ್ಬನ ಪರವಾಗಿ ಇನ್ನೊಬ್ಬ ಸಹಿ ಹಾಕಲು ಮುಖ್ತ್ಯಾರ ಪತ್ರ ಬೇಕು, ಇಲ್ಲದಿದ್ದರೆ ಅದಕ್ಕೆ ಬೇರೆ ಹೆಸರಿದೆ. ಕಾದಂಬರಿಕಾರರು ಕುಂತಿಯ ಒಪ್ಪಿಗೆ ಕೇಳಬೇಕಾಗಿಲ್ಲ. ನಾನು ಅಣ್ಣನಿಗೆ ಫೋನ್ ಮಾಡಿ ಕೇಳಿದೆ. ಅವನು ನಕ್ಕ. "ನಾನು ಎಲ್ಲಿಗೂ ಹೋಗಲಿಲ್ಲವಲ್ಲೋ, ಇದರಲ್ಲಿ ಕಥೆ ಎಲ್ಲಿದೆ?" ಅಂದ. ಎರಡನೆಯ ಸಲ ಕೇಳಿದಾಗ ಮಳೆಯ ವಿಷಯ ತೆಗೆದ.

ಬೇಡ ಅನ್ನುವುದಕ್ಕೂ ಅವನಿಗೆ ಹಕ್ಕಿದೆ. ಈಗ ನನ್ನ ಪುಸ್ತಕದಲ್ಲಿ ಮುಖ್ಯರು ಮೂವರು, ಹೇಳುವವರು ಇಬ್ಬರು. ಅಣ್ಣನ ಬಗ್ಗೆ ನನ್ನ ಕೈಗೆ ಬಂದಷ್ಟನ್ನೇ ಇಡುತ್ತೇನೆ. ಮನಿಯಾರ್ಡರ್ ಫಾರ್ಮಿನ ಕೆಳತುದಿಯಲ್ಲಿ ಸಂದೇಶಕ್ಕೆ ಸ್ವಲ್ಪ ಜಾಗ ಇರುತ್ತಿತ್ತು. ಆ ತುಂಡು ಹಣದ ಜೊತೆ ಊರಲ್ಲೇ ಉಳಿಯುತ್ತಿತ್ತು. ತಿರುಗಿ ನನಗೆ ಬರುತ್ತಿದ್ದುದು ಪಡೆದವರ ಸಹಿ ಇರುವ ರಸೀತಿ. ಅವನ್ನು ದಾರದಲ್ಲಿ ಪೋಣಿಸಿ ಇಟ್ಟಿದ್ದೇನೆ. 1991ರ ಆಗಸ್ಟಿನವರೆಗೆ ತಂದೆಯ ಸಹಿ, ಕೊನೆಕೊನೆಗೆ ಗೆರೆಯಿಂದ ಕೆಳಗೆ ಜಾರಿದ್ದು. ಅಕ್ಟೋಬರಿನಿಂದ ಅಣ್ಣನದು. ಸೆಪ್ಟೆಂಬರಿನ ರಸೀತಿ ಇಲ್ಲ. ಆ ತಿಂಗಳು ನಾನೇ ಊರಿಗೆ ಹೋಗಿದ್ದೆ, ಹದಿಮೂರು ದಿನ.